ಸ್ಥಳನಾಮ ನಿಷ್ಕರ್ಷೆಯೂ ಮುಕ್ತ ಭೂಪಟ ತಂತ್ರಾಂಶಗಳೂ

ಪ್ರಾಚೀನ ಗ್ರಂಥಗಳ ಪುಷ್ಪಿಕೆಗಳಲ್ಲಿಯೂ ಅಂತ್ಯಪ್ರಶಸ್ತಿಗಳಲ್ಲಿಯೂ ಕಾಣಬರುವ ಊರುಗಳನ್ನು ಗುರುತಿಸಿ ಅವುಗಳ ಇಂದಿನ ನೆಲೆಯನ್ನು ನಿಷ್ಕರ್ಷಿಸುವುದು ಗ್ರಂಥಸಂಪಾದಕನ ಹೊಣೆಗಳಲ್ಲೊಂದು. ಈ ಕಾರ್ಯ ಎಷ್ಟು ತೊಡಕಿನದೆಂಬುದನ್ನು ಜಯಧವಲಾ ಟೀಕೆಯ ಪ್ರಶಸ್ತಿಯೊಂದೇ ತೋರಿಸಬಲ್ಲುದು. ವೀರಸೇನಾಚಾರ್ಯರು ಆರಂಭಿಸಿದ್ದ ಆ ಮಹಾಟೀಕೆಯನ್ನು ಅವರ ಶಿಷ್ಯರಾದ ಜಿನಸೇನಾಚಾರ್ಯರು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ವಾಟಗ್ರಾಮದಲ್ಲಿ ಸಮಾಪ್ತಿಗೊಳಿಸಿದರೆಂದು ಅಲ್ಲಿ ಉಕ್ತವಾಗಿದೆ. ಕಾಲದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಸ್ಥಳದ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಕೆಲವರು ಅದನ್ನು ಗುಜರಾತಿನ ಬರೋಡಾ ಎಂದು ಭಾವಿಸಿದರೆ ಮತ್ತೆ ಕೆಲವರು ಮಹಾರಾಷ್ಟ್ರದ ನಾಸಿಕ ಪ್ರದೇಶದಲ್ಲಿ ಹುಡುಕಿದ್ದಾರೆ. ಈ ಎರಡು ನೆಲೆಗಳ ನಡುವಣ ಅಂತರ 200 ಕಿಲೋಮೀಟರುಗಳಿಗೂ ಅಧಿಕ.

ಪ್ರಬಂಧದಲ್ಲಿ ಈ ಭಿನ್ನಾಭಿಪ್ರಾಯವನ್ನು ನಿರೂಪಿಸುವುದು ಸುಲಭ. ಒಂದು ಪಕ್ಷದ ಆಧಾರವನ್ನು ಹೇಳಿ, ಇನ್ನೊಂದರ ಆಕ್ಷೇಪವನ್ನು ಹೇಳಿ, ‘ಇರಬಹುದು’ ಎಂಬ ಪದವನ್ನು ಬಳಸಿ ಲೇಖಕನು ಮುಂದುವರಿಯುತ್ತಾನೆ. ಅದೇ ಲೇಖನಕ್ಕೆ ಒಂದು ಭೂಪಟವನ್ನು ಜೋಡಿಸಬೇಕೆಂದಾಗ ತೊಡಕು ಎದುರಾಗುತ್ತದೆ. ಕಾಗದದ ಮೇಲಿನ ಚುಕ್ಕೆಗೆ ‘ಇರಬಹುದು’ ಎನ್ನಲು ಬರುವುದಿಲ್ಲ. ಶಾಸನದಲ್ಲಿ ಕೊಪಣವೆಂದು ಉಕ್ತವಾಗಿ ಇಂದು ನಿಸ್ಸಂದೇಹವಾಗಿ ಕೊಪ್ಪಳವೆಂದು ತಿಳಿದಿರುವ ಸ್ಥಳಕ್ಕೂ, ಊಹೆಯಿಂದ ಗುರುತಿಸಿದ ವಾಟಗ್ರಾಮಕ್ಕೂ ನಕ್ಷೆಗಾರ ಒಂದೇ ಬಗೆಯ ಕಪ್ಪು ಚುಕ್ಕೆಯನ್ನಿಡುತ್ತಾನೆ. ಮುಂದಿನ ತಲೆಮಾರಿನ ಅಭ್ಯಾಸಿ ಆ ನಕ್ಷೆಯನ್ನು ನೋಡಿ ತನ್ನ ನಕ್ಷೆಯನ್ನು ರಚಿಸುತ್ತಾನೆ. ಮೂರನೆಯ ನಕ್ಷೆಯ ವೇಳೆಗೆ ಊಹೆ ಸಿದ್ಧಾಂತವಾಗಿರುತ್ತದೆ. ಲಿಪಿಕಾರನ ಸ್ಖಾಲಿತ್ಯವೊಂದು ಪ್ರತಿಯಿಂದ ಪ್ರತಿಗೆ ಇಳಿದುಬಂದು ಮೂಲಪಾಠವೆಂಬ ಗೌರವವನ್ನು ಪಡೆಯುವ ಕ್ರಮವನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ.

ಗಣಕಯಂತ್ರದಲ್ಲಿ ರಚಿತವಾಗುವ ಭೂಪಟ ಈ ಸಮಸ್ಯೆಯನ್ನು ತಾನಾಗಿ ಪರಿಹರಿಸುವುದಿಲ್ಲ; ಎಚ್ಚರದಪ್ಪಿದರೆ ಉಲ್ಬಣಗೊಳಿಸುತ್ತದೆ. ಆದರೆ ಪ್ರತಿಯೊಂದು ಚುಕ್ಕೆಯ ಬೆನ್ನಿಗೂ ಅದರ ಪ್ರಮಾಣವನ್ನು ಕಟ್ಟಿಡುವ ಅನುಕೂಲ ಅಲ್ಲಿ ಇದೆ. ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಥವಾ ಸಂಕ್ಷೇಪವಾಗಿ ಜಿ.ಐ.ಎಸ್., ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಪದ್ಧತಿಯಲ್ಲಿ ಭೂಪಟವೆಂಬುದು ವಾಸ್ತವವಾಗಿ ಚಿತ್ರವಲ್ಲ, ಒಂದು ಕೋಷ್ಟಕ. ಕೋಷ್ಟಕದ ಪ್ರತಿಯೊಂದು ಸಾಲೂ ಒಂದು ಸ್ಥಳ. ಆ ಸಾಲಿನಲ್ಲಿ ಅಕ್ಷಾಂಶ ರೇಖಾಂಶಗಳೊಡನೆ ಬೇಕಾದಷ್ಟು ಅಂಕಣಗಳಿರಬಹುದು. ತೆರೆಯ ಮೇಲೆ ಕಾಣುವ ಚಿತ್ರ ಆ ಕೋಷ್ಟಕದಿಂದ ಆಯಾ ಹೊತ್ತಿಗೆ ಹುಟ್ಟುವ ಒಂದು ನೋಟ ಮಾತ್ರ. ನದಿಗಳು ಒಂದು ಪದರ, ಊರುಗಳು ಮತ್ತೊಂದು ಪದರ, ಶಾಸನಗಳು ಇನ್ನೊಂದು ಪದರ. ಬೇಕಾದುದನ್ನು ಮೇಲಿಟ್ಟು ಬೇಡವಾದುದನ್ನು ಮರೆಮಾಡಬಹುದು.

ಈ ಕಾರ್ಯಕ್ಕೆ ಒದಗುವ ತಂತ್ರಾಂಶಗಳಲ್ಲಿ ಎರಡು ಬಗೆ. ಕೆಲವು ವಾಣಿಜ್ಯ ಸಂಸ್ಥೆಗಳ ಸೊತ್ತು. ಹಣ ತೆತ್ತು ಬಳಸಬಹುದು, ಒಳಗಿನ ವಿಧಾನವನ್ನು ನೋಡಲಾಗದು. ಉಳಿದವು ಮುಕ್ತ ತಂತ್ರಾಂಶಗಳು. ‘ಮುಕ್ತ’ ಎಂಬ ಪದಕ್ಕೆ ಇಲ್ಲಿ ‘ಉಚಿತ’ ಎಂಬಷ್ಟೇ ಅರ್ಥವಲ್ಲ. ತಂತ್ರಾಂಶದ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ಪ್ರತಿಮಾಡಿಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು ಎಂಬ ಪರವಾನಗಿ ಅದರೊಡನೆಯೇ ಬರುತ್ತದೆ. ಗ್ರಂಥಸಂಪಾದನೆಯ ದೃಷ್ಟಿಯಿಂದ ಮಹತ್ವದ ಅಂಶ ಬೆಲೆಯಲ್ಲ. ಯಾವ ಲೆಕ್ಕದಿಂದ ಈ ಫಲ ಬಂದಿತೆಂದು ಕೇಳುವ ಹಕ್ಕು ಓದುಗನಿಗೆ ಉಳಿಯುವುದೇ ಮಹತ್ವದ್ದು.

ಇವುಗಳಲ್ಲಿ ಹಿರಿಯದಾದ ಗ್ರಾಸ್ ಎಂಬುದರ ಚರಿತ್ರೆ ಬೋಧಪ್ರದವಾಗಿದೆ. ಅಮೆರಿಕದ ಸೈನ್ಯದ ನಿರ್ಮಾಣ ಸಂಶೋಧನಾಲಯವೊಂದು ತನ್ನ ಭೂಮಿಗಳ ನಿರ್ವಹಣೆಗಾಗಿ 1982ರಲ್ಲಿ ಇದನ್ನು ಆರಂಭಿಸಿತು. 1990ರ ದಶಕದ ನಡುವಿನಲ್ಲಿ ಆ ಸಂಸ್ಥೆ ಇದರ ಪೋಷಣೆಯನ್ನು ಕೈಬಿಟ್ಟಿತು. ಮೂಲಪಾಠ ಸಾರ್ವಜನಿಕವಾಗಿದ್ದುದರಿಂದ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಅದನ್ನು ಎತ್ತಿಕೊಂಡು ಬೆಳೆಸಿದರು. 1999ರಲ್ಲಿ ಅದು ಜಿ.ಪಿ.ಎಲ್. ಎಂಬ ಸಾರ್ವಜನಿಕ ಪರವಾನಗಿಯ ಅಡಿಯಲ್ಲಿ ಪ್ರಕಟವಾಯಿತು. ಒಂದೇ ಭಂಡಾರದಲ್ಲಿ ಬೀಗದೊಳಗಿದ್ದ ಪ್ರತಿಗೂ, ನಾಲ್ಕು ಊರುಗಳಲ್ಲಿ ಪ್ರತಿಗೊಂಡ ಗ್ರಂಥಕ್ಕೂ ಇರುವ ಆಯುಷ್ಯದ ಭೇದ ಇಲ್ಲಿಯೂ ಕಾಣುತ್ತದೆ.

ಇಂದು ಸಾಮಾನ್ಯ ಬಳಕೆಗೆ ಅತ್ಯಂತ ಸುಲಭವಾಗಿರುವುದು ಕ್ಯೂ.ಜಿ.ಐ.ಎಸ್. ಗ್ಯಾರಿ ಷರ್ಮನ್ ಎಂಬವರು 2002ರಲ್ಲಿ ಆರಂಭಿಸಿದ ಈ ತಂತ್ರಾಂಶದ 1.0 ಆವೃತ್ತಿ 2009ರಲ್ಲಿ ಹೊರಬಂದಿತು. ಇದೀಗ ಜಗತ್ತಿನ ನಾನಾ ಭಾಗಗಳ ಸ್ವಯಂಸೇವಕರ ಸಮುದಾಯವೊಂದು ಇದನ್ನು ನಡೆಸುತ್ತಿದೆ. ಸಾಮಾನ್ಯವಾದ ಮನೆಯ ಗಣಕದಲ್ಲಿಯೂ ಇದು ಓಡುತ್ತದೆ. ಇದರ ಹಿಂದೆ ತೆರೆಯ ಮೇಲೆ ಕಾಣಿಸದ ಬೇರೆ ಸಾಧನಗಳಿವೆ. ನೂರಾರು ಬಗೆಯ ಕಡತಗಳನ್ನು ಓದಿ ಬರೆಯುವ ಕೆಲಸ 1998ರಲ್ಲಿ ಫ್ರಾಂಕ್ ವಾರ್ಮರ್‌ಡ್ಯಾಮ್ ಆರಂಭಿಸಿದ ಜಿ.ಡಿ.ಎ.ಎಲ್. ಎಂಬುದರದು. ದೊಡ್ಡ ಕೋಷ್ಟಕಗಳನ್ನು ಕೂಡಿಡಲು 2001ರಲ್ಲಿ ಕೆನಡಾದಲ್ಲಿ ಹುಟ್ಟಿದ ಪೋಸ್ಟ್‌ಜಿಸ್ ಇದೆ. ಒಂದು ನಿರ್ದೇಶಾಂಕ ಪದ್ಧತಿಯಿಂದ ಇನ್ನೊಂದಕ್ಕೆ ಪರಿವರ್ತಿಸುವ ಗಣಿತ, ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಜೆರಾಲ್ಡ್ ಎವೆಂಡೆನ್ ರಚಿಸಿದ ಪ್ರೊಜ್ ಎಂಬುದರಿಂದ ಬರುತ್ತದೆ. ಇಂತಹ ಯೋಜನೆಗಳಿಗೆ ಆಸರೆಯಾಗಿ 2006ರಲ್ಲಿ ಓ.ಎಸ್.ಜಿಯೋ ಎಂಬ ಪ್ರತಿಷ್ಠಾನ ಸ್ಥಾಪಿತವಾಯಿತು.

ಇವುಗಳಲ್ಲಿ ಸ್ಥಳನಾಮಗಳ ಅಭ್ಯಾಸಿ ಮೊದಲು ಅರಿತುಕೊಳ್ಳಬೇಕಾದುದು ಕೊನೆಯದಾಗಿ ಹೇಳಿದ ಪರಿವರ್ತನೆಯ ವಿಷಯವನ್ನು. ಅಕ್ಷಾಂಶ ರೇಖಾಂಶಗಳು ಭೂಮಿಯ ಮೇಲೆ ಕೆತ್ತಿಟ್ಟ ಅಂಕೆಗಳೆಂಬ ಭಾವನೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಭೂಮಿ ಸಮವಾದ ಗೋಳವಲ್ಲದುದರಿಂದ ಅಳತೆಗಾರರು ಅದಕ್ಕೆ ಸಮೀಪವಾದ ಒಂದು ದೀರ್ಘವೃತ್ತಾಕಾರದ ಗಣಿತರೂಪವನ್ನು ಕಲ್ಪಿಸಿಕೊಂಡು, ಅದನ್ನು ನೆಲದ ಮೇಲಿನ ಒಂದು ಬಿಂದುವಿಗೆ ಜೋಡಿಸಿ, ಆ ಬಳಿಕ ಅಳೆಯುತ್ತಾರೆ. ಈ ಕಲ್ಪಿತ ಆಧಾರಕ್ಕೆ ಡೇಟಮ್ ಎಂದು ಹೆಸರು. ಆಧಾರ ಬದಲಾದರೆ ನೆಲದ ಮೇಲಿನ ಕಲ್ಲು ಇದ್ದಲ್ಲೇ ಇದ್ದರೂ ಅದರ ಅಂಕೆಗಳು ಬದಲಾಗುತ್ತವೆ.

ಭಾರತದಲ್ಲಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆಯನ್ನು ಅಳೆದು ಮಹಾ ತ್ರಿಕೋನಮಿತಿ ಸರ್ವೇಕ್ಷಣವನ್ನು ಆರಂಭಿಸಿದುದೂ, 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದುದೂ ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಅವರ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟ್ 1830ರಲ್ಲಿ ನಿರ್ಣಯಿಸಿದ ಭೂರೂಪವೂ, ಮಧ್ಯಪ್ರದೇಶದ ಕಲ್ಯಾಣಪುರದ ಮೂಲಬಿಂದುವೂ ಸೇರಿ ದೀರ್ಘಕಾಲದವರೆಗೆ ಭಾರತದ ನಕ್ಷೆಗಳ ಆಧಾರವಾಗಿದ್ದವು. ಇಂದಿನ ಉಪಗ್ರಹಾಧಾರಿತ ಜಿ.ಪಿ.ಎಸ್. ಉಪಕರಣಗಳೂ ಕೈಫೋನುಗಳೂ ಬಳಸುವುದು ಡಬ್ಲ್ಯು.ಜಿ.ಎಸ್. 84 ಎಂಬ ಬೇರೊಂದು ಆಧಾರವನ್ನು. ದಕ್ಷಿಣ ಕರ್ನಾಟಕದಲ್ಲಿ ಈ ಎರಡರ ನಡುವಣ ವ್ಯತ್ಯಾಸ 100 ಮೀಟರುಗಳಿಗೂ ಹೆಚ್ಚು. ಹಳೆಯ ಟೋಪೋಶೀಟಿನಿಂದ ಎತ್ತಿಕೊಂಡ ಅಂಕೆಗಳನ್ನು ಹಾಗೆಯೇ ಇಂದಿನ ನಕ್ಷೆಯಲ್ಲಿಟ್ಟರೆ ಕೆರೆಯ ಏರಿಯ ಮೇಲಿನ ಶಾಸನ ಕೆರೆಯ ನೀರಿನೊಳಗೆ ಕಾಣಿಸಿಕೊಳ್ಳುತ್ತದೆ. ಇನ್ನೂ ಹಿಂದಕ್ಕೆ ಹೋದರೆ ತೊಡಕು ಹಿರಿದಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಭಾರತೀಯ ನಕ್ಷೆಗಳು ಅವಲಂಬಿಸಿದ್ದ ಮದ್ರಾಸು ವೀಕ್ಷಣಾಲಯದ ರೇಖಾಂಶದಲ್ಲಿಯೇ ಸುಮಾರು ಎರಡೂವರೆ ಮಿನಿಟುಗಳ ದೋಷವಿದ್ದಿತು. ನೆಲದ ಮೇಲೆ ಅದು ನಾಲ್ಕು ಕಿಲೋಮೀಟರುಗಳಿಗೂ ಅಧಿಕ. ಅಷ್ಟು ದೂರದಲ್ಲಿ ನಮ್ಮ ಕಡೆ ಎರಡು ಊರುಗಳಾದರೂ ಸಿಕ್ಕುತ್ತವೆ.

ಆದಕಾರಣ ಯಾವುದೇ ಲೇಖನದಲ್ಲಿ ಅಕ್ಷಾಂಶ ರೇಖಾಂಶಗಳನ್ನು ಕೊಡುವಾಗ ಅವು ಯಾವ ಆಧಾರಕ್ಕೆ ಸಂಬಂಧಿಸಿದವೆಂಬುದನ್ನು ಹೇಳದೆ ಬಿಡುವುದು, ಯಾವ ಮಾತೃಕೆಯ ಪಾಠವೆಂದು ಹೇಳದೆ ಪಾಠಾಂತರವನ್ನು ಉದ್ಧರಿಸಿದಂತೆಯೇ ಸರಿ. ಕ್ಯೂ.ಜಿ.ಐ.ಎಸ್. ಈ ಶಿಸ್ತನ್ನು ಬಲಾತ್ಕಾರವಾಗಿಯೇ ಕಲಿಸುತ್ತದೆ. ಪ್ರತಿಯೊಂದು ಪದರಕ್ಕೂ ಅದರ ನಿರ್ದೇಶಾಂಕ ಪದ್ಧತಿಯನ್ನು ನಮೂದಿಸಬೇಕು. ಪ್ರತಿಯೊಂದು ಪದ್ಧತಿಗೂ ಇ.ಪಿ.ಎಸ್.ಜಿ. ಎಂಬ ದಾಖಲೆಪುಸ್ತಕದಲ್ಲಿ ಒಂದು ಸಂಖ್ಯೆ ಇದೆ. ಡಬ್ಲ್ಯು.ಜಿ.ಎಸ್. 84ರ ಅಕ್ಷಾಂಶ ರೇಖಾಂಶಗಳಿಗೆ 4326. ಅದೇ ಆಧಾರದ ಮೇಲೆ ಕರ್ನಾಟಕದ ಬಹುಭಾಗವನ್ನು ಮೀಟರುಗಳಲ್ಲಿ ಅಳೆಯುವ 43ನೆಯ ವಲಯದ ಪದ್ಧತಿಗೆ 32643. ಈ ಸಂಖ್ಯೆಯೊಂದನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿದರೆ ಮುಂದಿನವರ ಅರ್ಧ ಶ್ರಮ ಉಳಿಯುತ್ತದೆ.

ಪುಷ್ಪಿಕೆಗಳ ಸ್ಥಳಸೂಚಿಯೊಂದನ್ನು ಭೂಪಟಕ್ಕೆ ತರುವ ಕ್ರಮ ಕಷ್ಟದ್ದಲ್ಲ. ಮೊದಲು ಒಂದು ಕೋಷ್ಟಕ ಸಿದ್ಧವಾಗಬೇಕು. ಹಸ್ತಪ್ರತಿಯ ಸಂಖ್ಯೆ, ಓಲೆಯ ಸಂಖ್ಯೆ, ಪ್ರತಿಯಲ್ಲಿ ಇರುವಂತೆಯೇ ಸ್ಥಳದ ಹೆಸರು, ಪರಿಷ್ಕರಿಸಿದ ರೂಪ, ಇಂದಿನ ಊರು, ಹಾಗೆಂದು ಗುರುತಿಸಿದವರು ಯಾರು ಮತ್ತು ಯಾವಾಗ, ನಿಶ್ಚಯದ ಮಟ್ಟ, ಅಕ್ಷಾಂಶ, ರೇಖಾಂಶ, ಅವನ್ನು ಪಡೆದ ಬಗೆ: ಇಷ್ಟಾದರೂ ಅಂಕಣಗಳಿರತಕ್ಕದ್ದು. ಪ್ರತಿಯಲ್ಲಿರುವ ರೂಪವನ್ನೂ ಪರಿಷ್ಕೃತ ರೂಪವನ್ನೂ ಒಂದೇ ಅಂಕಣದಲ್ಲಿ ಬೆರೆಸುವುದು ತಿದ್ದಲಾಗದ ತಪ್ಪು; ಒಮ್ಮೆ ಬೆರೆತರೆ ಬೇರ್ಪಡಿಸಲು ಮತ್ತೆ ಓಲೆಗೇ ಹೋಗಬೇಕು. ಈ ಕೋಷ್ಟಕವನ್ನು ಸರಳ ಪಠ್ಯಕಡತವಾಗಿ ಉಳಿಸಿದರೆ ಕ್ಯೂ.ಜಿ.ಐ.ಎಸ್. ಅದನ್ನು ನೇರವಾಗಿ ಓದಿ ಚುಕ್ಕೆಗಳ ಪದರವನ್ನು ನಿರ್ಮಿಸುತ್ತದೆ. ಅಕ್ಷಾಂಶ ಮತ್ತು ರೇಖಾಂಶಗಳ ಅಂಕಣಗಳು ಅದಲುಬದಲಾಗದಂತೆ ನೋಡಿಕೊಳ್ಳಬೇಕು. ಶ್ರವಣಬೆಳಗೊಳದ ಅಕ್ಷಾಂಶ 12.85, ರೇಖಾಂಶ 76.49, ಇವನ್ನು ತಿರುಗುಮುರುಗಾಗಿಸಿದರೆ ಚುಕ್ಕೆ ಉತ್ತರಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಸಮೀಪದ ಹಿಮಸಮುದ್ರದಲ್ಲಿ ಬೀಳುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುವುದರಿಂದ ಅಪಾಯವಿಲ್ಲ. ಚಿಕ್ಕ ತಪ್ಪುಗಳೇ ಅಪಾಯಕರ.

ಕನ್ನಡದ ಬರವಣಿಗೆಯ ವಿಷಯದಲ್ಲಿ ಒಂದೆರಡು ಸೂಕ್ಷ್ಮಗಳಿವೆ. 1990ರ ದಶಕದಿಂದ ಬಳಕೆಯಲ್ಲಿರುವ ಶೇಪ್‌ಫೈಲ್ ಎಂಬ ಕಡತರೂಪ ಇಂದಿಗೂ ಎಲ್ಲೆಡೆ ಹರಡಿದೆ. ಅದರಲ್ಲಿ ಅಂಕಣದ ಶೀರ್ಷಿಕೆಗೆ 10 ಬೈಟುಗಳು, ಒಂದು ಮನೆಯೊಳಗಿನ ಪಠ್ಯಕ್ಕೆ 254 ಬೈಟುಗಳು ಮಾತ್ರ ಅವಕಾಶ. ಯೂನಿಕೋಡಿನ ಬಳಕೆಯ ರೂಪವಾದ ಯು.ಟಿ.ಎಫ್.-8ರಲ್ಲಿ ಕನ್ನಡದ ಪ್ರತಿಯೊಂದು ವರ್ಣಸಂಕೇತಕ್ಕೂ 3 ಬೈಟುಗಳು ಬೇಕು. ಒತ್ತಕ್ಷರವಾದರೆ ವಿರಾಮಚಿಹ್ನೆಯೂ ಸೇರಿ ಮೂರು ಸಂಕೇತಗಳಾಗುತ್ತವೆ. ಹೀಗಾಗಿ ‘ಊರು’ ಎಂಬ ಶೀರ್ಷಿಕೆ 9 ಬೈಟುಗಳಲ್ಲಿ ಹಿಡಿಯುತ್ತದೆ. ‘ಗ್ರಾಮ’ ಎಂಬುದಕ್ಕೆ 15 ಬೇಕಾಗುವುದರಿಂದ ಅರ್ಧಕ್ಕೇ ತುಂಡಾಗುತ್ತದೆ. ಪ್ರಶಸ್ತಿಪದ್ಯವೊಂದನ್ನು ಪೂರ್ಣವಾಗಿ ಮನೆಯೊಳಗೆ ತುಂಬಿದರೆ ಅದು 84 ಸಂಕೇತಗಳಿಗೇ ನಿಂತುಬಿಡುತ್ತದೆ, ಅದೂ ಅನೇಕ ವೇಳೆ ಸದ್ದಿಲ್ಲದೆ. 2014ರಲ್ಲಿ ಪ್ರಮಾಣೀಕೃತವಾದ ಜಿಯೋಪ್ಯಾಕೇಜ್ ಎಂಬ ಮುಕ್ತ ಕಡತರೂಪದಲ್ಲಿ ಈ ಸಂಕೋಚವಿಲ್ಲ. ಅನೇಕ ಪದರಗಳೂ ಒಂದೇ ಕಡತದಲ್ಲಿ ಅಡಗುತ್ತವೆ. ಇನ್ನು, ಯೂನಿಕೋಡಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿಸಿಟ್ಟ ಸೂಚಿಗಳು ಭೂಪಟದ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಅಂಥವನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತು ಮೊದಲಾದವು ಸರಿಯಾಗಿ ಇಳಿದಿವೆಯೇ ಎಂದು ಕಣ್ಣಿಟ್ಟು ಓದಬೇಕು.

ಹಳೆಯ ಮುದ್ರಿತ ನಕ್ಷೆಯೊಂದರ ಛಾಯಾಪ್ರತಿಯನ್ನು ಇಂದಿನ ನಿರ್ದೇಶಾಂಕಗಳಿಗೆ ಹೊಂದಿಸುವ ಸೌಲಭ್ಯವೂ ಇದೇ ತಂತ್ರಾಂಶದಲ್ಲಿದೆ. ನಕ್ಷೆಯಲ್ಲಿಯೂ ಇಂದಿನ ನೆಲದಲ್ಲಿಯೂ ನಿಸ್ಸಂಶಯವಾಗಿ ಗುರುತಿಸಬಹುದಾದ ಕೆಲವು ಬಿಂದುಗಳನ್ನು ಆರಿಸಿ ಪರಸ್ಪರ ಜೋಡಿಸುವುದೇ ಇದರ ವಿಧಾನ. ಬೆಟ್ಟದ ಮೇಲಿನ ದೇಗುಲ, ಕೆರೆಯ ಏರಿಯ ತುದಿ, ಹಳೆಯ ಸೇತುವೆ ಇವು ಉತ್ತಮ ಬಿಂದುಗಳು. ನದಿಯ ತಿರುವು ಉತ್ತಮವಲ್ಲ, ಏಕೆಂದರೆ ನದಿ ಪಾತ್ರವನ್ನು ಬದಲಿಸುತ್ತದೆ. ಗಣಿತಕ್ಕೆ ಮೂರು ಬಿಂದುಗಳು ಸಾಕು. ಆದರೆ ಮೂರೇ ಬಿಂದುಗಳನ್ನು ಕೊಟ್ಟರೆ ದೋಷ ಶೂನ್ಯವೆಂದು ಯಂತ್ರ ತೋರಿಸುತ್ತದೆ. ಅದು ನಿಖರತೆಯ ಲಕ್ಷಣವಲ್ಲ, ಪರೀಕ್ಷಿಸಲು ಸಾಕ್ಷಿಯೇ ಇಲ್ಲವೆಂಬುದರ ಲಕ್ಷಣ. ಹತ್ತು ಹದಿನೈದು ಬಿಂದುಗಳನ್ನು ಕೊಟ್ಟಾಗ ಪ್ರತಿಯೊಂದರ ಬಳಿಯೂ ಉಳಿಯುವ ಅಂತರವನ್ನು ತಂತ್ರಾಂಶ ಲೆಕ್ಕಹಾಕಿ ಹೇಳುತ್ತದೆ. ಆ ಅಂತರವನ್ನು ನಕ್ಷೆಯೊಡನೆ ಮುದ್ರಿಸುವ ಪರಿಪಾಠ ಇನ್ನೂ ಬೆಳೆದಿಲ್ಲ, ಬೆಳೆಯಬೇಕು. 1767ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆ 1:50,000 ಮಾನದ ತನ್ನ ಮುಕ್ತ ಸರಣಿಯ ನಕ್ಷೆಗಳನ್ನು 2017ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಲಾರಂಭಿಸಿದ ಮೇಲೆ ಇಂತಹ ತುಲನೆ ಸುಗಮವಾಗಿದೆ.

ಸಾಧನಗಳ ಮಾತಾಯಿತು, ಸಾಮಗ್ರಿಯ ವಿಷಯವನ್ನು ನೋಡಬೇಕು. ಊರು, ರಸ್ತೆ, ಹೊಳೆಗಳ ಆಧಾರಪಟವಾಗಿ ಇಂದು ಹೆಚ್ಚಾಗಿ ಬಳಕೆಯಾಗುತ್ತಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್. ಸರ್ಕಾರದ ನಕ್ಷೆಗಳನ್ನು ಬಳಸಲು ಹಣ ತೆರಬೇಕಾಗಿದ್ದ ಬ್ರಿಟನ್ನಿನಲ್ಲಿ, 2004ರಲ್ಲಿ, ಸ್ಟೀವ್ ಕೋಸ್ಟ್ ಎಂಬವರು ಇದನ್ನು ಆರಂಭಿಸಿದರು. ಯಾರು ಬೇಕಾದರೂ ತಮಗೆ ತಿಳಿದ ಸ್ಥಳಗಳನ್ನು ಸೇರಿಸಬಹುದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಅದರ ರಾಜಧಾನಿಯ ವಿವರವಾದ ನಕ್ಷೆ ದೊರೆಯದೆ, ದೂರದ ದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಕೆಲವೇ ದಿನಗಳಲ್ಲಿ ಬೀದಿಬೀದಿಗಳನ್ನು ಗುರುತಿಸಿ ರಕ್ಷಣಾಕಾರ್ಯಕ್ಕೆ ಒದಗಿಸಿದುದರಿಂದ ಈ ಯೋಜನೆಗೆ ಪ್ರಸಿದ್ಧಿ ಬಂದಿತು. 2012ರಿಂದ ಇದರ ದತ್ತಾಂಶ, ಮೂಲವನ್ನು ಸ್ಮರಿಸಬೇಕು ಮತ್ತು ಇದರಿಂದ ಬೆಳೆಸಿದ ದತ್ತಾಂಶವನ್ನು ಪ್ರಕಟಿಸಿದಾಗ ಅದನ್ನೂ ಇದೇ ನಿಯಮದಂತೆ ಹಂಚಬೇಕು ಎಂಬ ನಿಬಂಧನೆಯಿಂದ ದೊರೆಯುತ್ತಿದೆ.

ಜನಸಾಮಾನ್ಯರು ಸೇರಿಸಿದ್ದನ್ನು ವಿದ್ವತ್ಕಾರ್ಯಕ್ಕೆ ನಂಬಬಹುದೇ ಎಂಬ ಶಂಕೆ ಸಹಜ. ಇದಕ್ಕೆ ಸಮಾಧಾನ ಆ ದತ್ತಾಂಶದ ರಚನೆಯಲ್ಲಿಯೇ ಇದೆ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಆವೃತ್ತಿಯ ಸಂಖ್ಯೆ ಇದೆ; ಯಾರು, ಎಂದು, ಏನನ್ನು ಬದಲಿಸಿದರೆಂಬುದು ಉಳಿದಿರುತ್ತದೆ; ಹಿಂದಿನ ಪಾಠವನ್ನು ತೆರೆದು ನೋಡಬಹುದು. ಸಂಪಾದಕನ ಹೆಸರೂ ಇಲ್ಲದೆ ಮುದ್ರಿತವಾದ ಎಷ್ಟೋ ಭೂಪಟಗಳಿಗಿಂತ ಇದು ಹೆಚ್ಚು ಪರೀಕ್ಷಾರ್ಹ. ಒಂದೇ ಸ್ಥಳಕ್ಕೆ ಕನ್ನಡದ ಹೆಸರು, ಇಂಗ್ಲಿಷಿನ ಹೆಸರು, ಹಳೆಯ ಹೆಸರು, ಪರ್ಯಾಯನಾಮ ಇವುಗಳನ್ನು ಬೇರೆ ಬೇರೆಯಾಗಿ ದಾಖಲಿಸುವ ಅವಕಾಶವೂ ಇದೆ. ಆದರೂ ಇದರ ಎಲ್ಲೆಯನ್ನು ಮರೆಯಬಾರದು. ಇಂದು ನೆಲದ ಮೇಲೆ ಇರುವುದನ್ನು ದಾಖಲಿಸುವುದು ಇದರ ನಿಯಮ. ಕಂದಾಯದ ಕಡತಗಳಲ್ಲಿ ಬೇಚರಾಕ್ ಎಂದು ಬರೆಯುವ ಹಾಳೂರುಗಳು, ಕಣ್ಮರೆಯಾದ ಬಸದಿಗಳು, ಓಲೆಯಲ್ಲಿ ಮಾತ್ರ ಉಳಿದ ಹೆಸರುಗಳು ಇಲ್ಲಿಗೆ ಸಲ್ಲವು. ಅಂಥವುಗಳಿಗಾಗಿ ಆರಂಭ ಮತ್ತು ಅಂತ್ಯದ ಕಾಲವನ್ನು ನಮೂದಿಸುವ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂಬ ಪ್ರತ್ಯೇಕ ಯೋಜನೆ ಇದೆ.

ಪ್ರಾಚೀನ ಸ್ಥಳನಾಮಗಳ ವಿಷಯದಲ್ಲಿ ಅತ್ಯಂತ ವಿಚಾರಪೂರ್ಣವಾದ ಮಾದರಿ ಪ್ರಾಚೀನ ಗ್ರೀಕ್ ಮತ್ತು ರೋಮನ್ ಪ್ರಪಂಚಕ್ಕೆ ಸಂಬಂಧಿಸಿದ ಪ್ಲೀಯಡೀಸ್ ಎಂಬ ಸ್ಥಳಕೋಶ. ರಿಚರ್ಡ್ ಟಾಲ್ಬರ್ಟರ ಸಂಪಾದಕತ್ವದಲ್ಲಿ 2000ರಲ್ಲಿ ಪ್ರಕಟವಾದ ಬ್ಯಾರಿಂಗ್ಟನ್ ಭೂಪಟಸಂಪುಟದ ಸಾಮಗ್ರಿಯ ಮೇಲೆ ಇದನ್ನು ಕಟ್ಟಲಾಗಿದೆ. ಈಗ 35,000ಕ್ಕೂ ಹೆಚ್ಚು ಸ್ಥಳಗಳಿರುವ ಇದನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಇದರ ವೈಶಿಷ್ಟ್ಯವಿರುವುದು ಗಾತ್ರದಲ್ಲಲ್ಲ. ‘ಸ್ಥಳ’, ‘ಹೆಸರು’, ‘ನೆಲೆ’ ಈ ಮೂರನ್ನೂ ಇದು ಬೇರೆ ಬೇರೆ ಪದಾರ್ಥಗಳೆಂದು ಗ್ರಹಿಸುತ್ತದೆ. ಸ್ಥಳವೆಂಬುದು ಜನರ ಅರಿವಿನಲ್ಲಿ ಇದ್ದ ಒಂದು ತಾಣ. ಅದಕ್ಕೆ ಹಲವು ಹೆಸರುಗಳಿರಬಹುದು; ಪ್ರತಿಯೊಂದು ಹೆಸರಿಗೂ ಅದರ ಕಾಲ ಮತ್ತು ಆಕರ ಪ್ರತ್ಯೇಕ. ಅದಕ್ಕೆ ಹಲವು ನೆಲೆಗಳಿರಬಹುದು. ಪ್ರತಿಯೊಂದು ನೆಲೆಗೂ ನಿಶ್ಚಿತ, ಅಲ್ಪನಿಶ್ಚಿತ, ಅನಿಶ್ಚಿತ ಎಂಬ ಮಟ್ಟ ಬೇರೆ. ಹೆಸರಿದ್ದು ನೆಲೆ ತಿಳಿಯದ ಸ್ಥಳಗಳಿಗೂ, ಅವಶೇಷವಿದ್ದು ಹೆಸರು ತಿಳಿಯದ ಸ್ಥಳಗಳಿಗೂ ಇಲ್ಲಿ ಸಮಾನವಾದ ಎಡೆಯಿದೆ. ಪ್ರತಿಯೊಂದು ಸ್ಥಳಕ್ಕೂ ಎಂದಿಗೂ ಬದಲಾಗದ ಒಂದು ಸಂಖ್ಯೆಯುಂಟು. ರೋಮ್ ನಗರಕ್ಕೆ 423025. ಶಾಸನವನ್ನೋ ನಾಣ್ಯವನ್ನೋ ಸಂಪಾದಿಸುವ ಬೇರೊಂದು ಸಂಸ್ಥೆ ತನ್ನ ಪಟ್ಟಿಯಲ್ಲಿ ಈ ಸಂಖ್ಯೆಯನ್ನು ನಮೂದಿಸಿದರೆ ಎರಡು ಪಟ್ಟಿಗಳೂ ತಾವಾಗಿ ಹೊಂದಿಕೊಳ್ಳುತ್ತವೆ. ಸಿರಿಯಾಕ್ ಹಸ್ತಪ್ರತಿಗಳ ವಿದ್ವಾಂಸರೂ ತಮ್ಮ ಭಾಷೆಯ ಸ್ಥಳನಾಮಗಳಿಗೆ 2014ರಲ್ಲಿ ಇಂತಹುದೇ ಕೋಶವೊಂದನ್ನು ಪ್ರಕಟಿಸಿದರು.

ಬದಲಾಗದ ಸಂಖ್ಯೆಯ ಅಗತ್ಯ ಕನ್ನಡದ ಶಾಸನಾಭ್ಯಾಸಿಗಳಿಗೆ ಅನುಭವವೇದ್ಯವಾದದ್ದು. ಶ್ರವಣಬೆಳಗೊಳದ ಶಾಸನಸಂಪುಟವನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿ 144 ಶಾಸನಗಳಿದ್ದವು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿಯಲ್ಲಿ 500 ಆದವು. 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಒಂದೇ ಕಲ್ಲಿಗೆ ಮೂರು ಆವೃತ್ತಿಗಳಲ್ಲಿ ಮೂರು ಸಂಖ್ಯೆ. ಎಪಿಗ್ರಾಫಿಯಾ ಕರ್ನಾಟಿಕದ ಉಳಿದ ಸಂಪುಟಗಳಲ್ಲಿ ಶಾಸನಗಳನ್ನು ಗುರುತಿಸುವುದು ತಾಲ್ಲೂಕಿನ ಹೆಸರಿನಿಂದ. ಆ ತಾಲ್ಲೂಕುಗಳೂ ಜಿಲ್ಲೆಗಳೂ ಒಡೆದು ಹೊಸವಾಗಿವೆ. ಕೊಪ್ಪಳವೇ 1997ರವರೆಗೆ ರಾಯಚೂರು ಜಿಲ್ಲೆಯೊಳಗಿದ್ದು ಬಳಿಕ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತದ ಗಡಿ ಬದಲಾದಾಗಲೆಲ್ಲ ಉಲ್ಲೇಖ ಬದಲಾಗುವುದಾದರೆ ಅದು ಉಲ್ಲೇಖವೇ ಅಲ್ಲ.

ಈ ಮಾದರಿಯನ್ನು ವಾಟಗ್ರಾಮಕ್ಕೆ ಅನ್ವಯಿಸಿದರೆ ಕೋಷ್ಟಕದ ರೂಪ ಹೀಗಾಗುತ್ತದೆ. ಸ್ಥಳ ಒಂದು, ಹೆಸರು ಒಂದು, ಆಕರ ಜಯಧವಲಾ ಪ್ರಶಸ್ತಿ, ಕಾಲ ಶಕ 759. ನೆಲೆಗಳು ಎರಡು, ಅಥವಾ ಪ್ರತಿಪಾದಿಸಿದವರು ಎಷ್ಟು ಜನರೋ ಅಷ್ಟು. ಪ್ರತಿಯೊಂದರ ಎದುರಿಗೂ ಪ್ರತಿಪಾದಕನ ಹೆಸರು, ಗ್ರಂಥ, ಪುಟ, ನಿಶ್ಚಯದ ಮಟ್ಟ. ನಕ್ಷೆಯನ್ನು ಬಿಡಿಸುವಾಗ ನಿಶ್ಚಿತವಾದ ನೆಲೆಗಳಿಗೆ ತುಂಬಿದ ಚುಕ್ಕೆ, ಅನಿಶ್ಚಿತಗಳಿಗೆ ಒಳಗೆ ಬರಿದಾದ ವೃತ್ತ ಎಂದು ತಂತ್ರಾಂಶಕ್ಕೆ ಒಮ್ಮೆ ಹೇಳಿದರೆ ಸಾಕು. ಅಂಕಣವನ್ನು ನೋಡಿಕೊಂಡು ಅದೇ ಬಿಡಿಸುತ್ತದೆ. ನಾಳೆ ಹೊಸ ಶಾಸನವೊಂದು ದೊರೆತು ಒಂದು ಪಕ್ಷ ಸ್ಥಿರಪಟ್ಟರೆ ಒಂದು ಮನೆಯೊಳಗಿನ ಒಂದು ಪದವನ್ನು ಬದಲಿಸಿದರಾಯಿತು. ನಿರಾಕೃತವಾದ ಪಕ್ಷವನ್ನು ಅಳಿಸಬೇಕಾಗಿಲ್ಲ. ಅದು ಪಾಠಾಂತರದಂತೆ ಕೆಳಗೆ ಉಳಿದಿರಲಿ.

ಅಂಕೆಗಳ ಉದ್ದದ ಬಗ್ಗೆಯೂ ಸಂಯಮ ಬೇಕು. ಒಂದು ಅಂಶದ ಅಕ್ಷಾಂಶ ನೆಲದ ಮೇಲೆ ಸುಮಾರು 111 ಕಿಲೋಮೀಟರು. ದಶಮಾಂಶದ ಬಳಿಕ ಎರಡು ಅಂಕೆಗಳೆಂದರೆ ಸುಮಾರು ಒಂದು ಕಿಲೋಮೀಟರಿನ ನಿಖರತೆ. ನಾಲ್ಕು ಎಂದರೆ ಸುಮಾರು 11 ಮೀಟರು. ಆರು ಎಂದರೆ ಒಂದು ಗೇಣಿಗೂ ಕಡಿಮೆ. ಯಾವ ಜಿಲ್ಲೆಯಲ್ಲಿದೆ ಎಂಬುದೇ ನಿಷ್ಕರ್ಷೆಯಾಗದ ಊರಿಗೆ ಆರು ದಶಮಾಂಶಗಳ ಅಂಕೆಗಳನ್ನು ಮುದ್ರಿಸಿರುವ ಪಟ್ಟಿಗಳು ಇಲ್ಲದಿಲ್ಲ. ಯಂತ್ರ ಕೊಟ್ಟಿತೆಂದು ಅಷ್ಟನ್ನೂ ಮುದ್ರಿಸುವುದು ಪ್ರಮಾಣಕ್ಕಿಂತ ಹೆಚ್ಚಿನದನ್ನು ಪ್ರತಿಜ್ಞೆ ಮಾಡಿದಂತೆ.

ಇದೇ ಬಗೆಯ ಎಚ್ಚರ ದಾರಿಗಳನ್ನು ಗಣಿಸುವಾಗಲೂ ಅಗತ್ಯ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರಾಡಾರಿನಿಂದ ಅಳೆದ ಭೂಮಿಯ ಎತ್ತರಗಳು ಸುಮಾರು 30 ಮೀಟರುಗಳ ಚೌಕಗಳಾಗಿ ಉಚಿತವಾಗಿ ದೊರೆಯುತ್ತವೆ. ಗ್ರಾಸ್ ತಂತ್ರಾಂಶ ಇವನ್ನು ಬಳಸಿ ಎರಡು ಸ್ಥಳಗಳ ನಡುವೆ ಅತ್ಯಲ್ಪ ಶ್ರಮದ ಕಾಲುದಾರಿಯನ್ನು ಲೆಕ್ಕಹಾಕಬಲ್ಲುದು. ಘಟ್ಟದ ಮೇಲಿನಿಂದ ಮೂಡುಬಿದರೆಗೆ ಓಲೆಗಟ್ಟುಗಳು ಇಳಿದುಬಂದಿರಬಹುದಾದ ದಾರಿಯನ್ನು ಹೀಗೆ ಎಳೆದು ನೋಡುವುದು ಆಕರ್ಷಕವೇ. ಆದರೆ ಯಂತ್ರಕ್ಕೆ ತಿಳಿದಿರುವುದು ಏರು ಮತ್ತು ಇಳಿಜಾರು ಮಾತ್ರ. ಸುಂಕದ ಕಟ್ಟೆ, ಛತ್ರ, ಕಳ್ಳರ ಭಯ, ಶ್ರಾವಕರ ಮನೆಗಳಿರುವ ಊರು ಇವುಗಳಾವುವೂ ತಿಳಿಯವು. ಗಣಿತದಿಂದ ಬಂದ ದಾರಿಯನ್ನು ಎಲ್ಲಿ ಹುಡುಕಬೇಕೆಂಬ ಸೂಚನೆಯಾಗಿ ಸ್ವೀಕರಿಸಬಹುದು, ಪ್ರಮಾಣವಾಗಿ ಸ್ವೀಕರಿಸಲಾಗದು. ಗ್ರಾಸ್ ತಾನು ನಿರ್ಮಿಸಿದ ಪಟದೊಡನೆ ಯಾವ ಆಜ್ಞೆಯಿಂದ ಅದನ್ನು ನಿರ್ಮಿಸಿತೆಂಬುದನ್ನೂ ಬರೆದಿಡುವುದರಿಂದ, ಒಪ್ಪದವರು ಅಂಕೆಗಳನ್ನು ಬದಲಿಸಿ ಮತ್ತೆ ಗಣಿಸಿ ನೋಡಬಹುದು.

ಪ್ರಕಟಣೆಯ ಹಂತದಲ್ಲಿ ಗಮನಿಸಬೇಕಾದ ಕೆಲವು ವ್ಯಾವಹಾರಿಕ ಸಂಗತಿಗಳಿವೆ. ಭಾರತ ಸರ್ಕಾರ 2021ರ ಫೆಬ್ರುವರಿ 15ರಂದು ಹೊರಡಿಸಿದ ಮಾರ್ಗಸೂಚಿಗಳಿಂದ ಭಾರತೀಯ ಸಂಸ್ಥೆಗಳು ನಕ್ಷೆಗಳನ್ನು ರಚಿಸಿ ಪ್ರಕಟಿಸಲು ಇದ್ದ ಪೂರ್ವಾನುಮತಿಯ ನಿರ್ಬಂಧಗಳು ಬಹುಮಟ್ಟಿಗೆ ಸಡಿಲಗೊಂಡಿವೆ. ಆದರೂ ದೇಶದ ಹೊರಗಡಿಯನ್ನು ಸರ್ವೇಕ್ಷಣ ಇಲಾಖೆಯ ನಕ್ಷೆಗೆ ಅನುಸಾರವಾಗಿಯೇ ತೋರಿಸತಕ್ಕದ್ದು. ಓಪನ್‌ಸ್ಟ್ರೀಟ್‌ಮ್ಯಾಪಿನ ಗಡಿರೇಖೆ ಅದಕ್ಕೆ ಹೊಂದದಿರುವುದರಿಂದ ಆ ಪದರವನ್ನು ತೆಗೆದು ಇಲಾಖೆಯ ಗಡಿಯನ್ನು ಹಾಕಿಕೊಳ್ಳಬೇಕು. ವಾಣಿಜ್ಯ ಸಂಸ್ಥೆಗಳ ನಕ್ಷೆಗಳಿಂದ ಹೆಸರುಗಳನ್ನೂ ನೆಲೆಗಳನ್ನೂ ಎತ್ತಿ ಮುಕ್ತ ನಕ್ಷೆಗೆ ಸೇರಿಸುವುದು ನಿಯಮವಿರುದ್ಧ.

ಇದಕ್ಕಿಂತಲೂ ಗಂಭೀರವಾದ ವಿಷಯ ಇನ್ನೊಂದು. ಹೊಲದಲ್ಲಿ ಅನಾಥವಾಗಿ ನಿಂತಿರುವ ನಿಸಿದಿಗಲ್ಲು, ಬಾಗಿಲು ಮುರಿದ ಬಸದಿಯಲ್ಲಿರುವ ಬಿಂಬ, ಖಾಸಗಿ ಮನೆಯ ಅಟ್ಟದ ಮೇಲಿರುವ ಓಲೆಗಟ್ಟು ಇವುಗಳ ನೆಲೆಯನ್ನು ಹತ್ತು ಮೀಟರುಗಳ ನಿಖರತೆಯಿಂದ ಲೋಕಕ್ಕೆಲ್ಲ ತೆರೆದಿಟ್ಟರೆ, ವಿದ್ವಾಂಸನಿಗಿಂತ ಮೊದಲು ಕಳ್ಳ ಅಲ್ಲಿಗೆ ತಲುಪಬಹುದು. ದತ್ತಾಂಶ ಮುಕ್ತವಾಗಿರಬೇಕೆಂಬ ತತ್ತ್ವವನ್ನು ಇಲ್ಲಿಗೂ ಕುರುಡಾಗಿ ಅನ್ವಯಿಸುವುದು ಅವಿವೇಕ. ತಂತ್ರಾಂಶ ಮುಕ್ತವಾಗಿದ್ದ ಮಾತ್ರಕ್ಕೆ ಅದರಲ್ಲಿ ತುಂಬಿದ ಸಾಮಗ್ರಿಯೆಲ್ಲವೂ ಬಹಿರಂಗವಾಗಬೇಕೆಂಬ ನಿರ್ಬಂಧವಿಲ್ಲ. ಎರಡು ಕೋಷ್ಟಕಗಳನ್ನು ಇಟ್ಟುಕೊಳ್ಳುವುದು ಯುಕ್ತ: ಪೂರ್ಣವಾದ ಅಂಕೆಗಳಿರುವುದು ಸಂಸ್ಥೆಯ ಸ್ವಾಧೀನದಲ್ಲಿ, ದಶಮಾಂಶದ ಎರಡೇ ಅಂಕೆಗಳಿಗೆ ಇಳಿಸಿದ್ದು ಪ್ರಕಟಣೆಗೆ. ಖಾಸಗಿ ಮನೆಗಳ ಸಂಗ್ರಹವಾದರೆ ಊರಿನ ಹೆಸರಿಗೇ ನಿಲ್ಲಿಸಬೇಕು, ಮತ್ತು ಅದಕ್ಕೂ ಮನೆಯವರ ಒಪ್ಪಿಗೆ ಬೇಕು. ಹೀಗೆ ಅಂಕೆಗಳನ್ನು ಉದ್ದೇಶಪೂರ್ವಕವಾಗಿ ಮೊಟಕುಗೊಳಿಸಲಾಗಿದೆಯೆಂಬುದನ್ನು ಪ್ರಕಟಿತ ಕೋಷ್ಟಕದ ಒಂದು ಅಂಕಣದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಇಲ್ಲದಿದ್ದರೆ ಬಸದಿಯನ್ನು ಹುಡುಕಿ ಹೊರಟ ಅಭ್ಯಾಸಿ ಒಂದು ಕಿಲೋಮೀಟರು ಆಚೆಯ ಹೊಲದಲ್ಲಿ ನಿಂತು ಸಂಪಾದಕನ ಅಜಾಗರೂಕತೆಯನ್ನು ಶಂಕಿಸಿಯಾನು.

ಸಿದ್ಧವಾದ ಕೋಷ್ಟಕವನ್ನು ಸಂಸ್ಥೆಯ ಒಂದೇ ಗಣಕದಲ್ಲಿ ಇರಿಸದೆ, ಶಾಶ್ವತ ಸಂಖ್ಯೆ ಕೊಟ್ಟು ಕಾಪಿಡುವ ಸಾರ್ವಜನಿಕ ಕೋಶಗಳಲ್ಲಿಯೂ ಒಂದು ಪ್ರತಿಯನ್ನು ಇಡಬಹುದು. ಜಿನೀವಾದ ಬಳಿಯ ಸರ್ನ್ ಸಂಶೋಧನಾ ಕೇಂದ್ರ 2013ರಿಂದ ನಡೆಸುತ್ತಿರುವ ಝೆನೋಡೊ ಅಂಥವುಗಳಲ್ಲೊಂದು. ಅಲ್ಲಿ ಬೆಲೆಯಿಲ್ಲ, ಪರಿಷ್ಕರಿಸಿದಾಗ ಹಿಂದಿನ ಆವೃತ್ತಿಯೂ ಉಳಿಯುತ್ತದೆ. ಜೊತೆಗೆ, ಕೋಷ್ಟಕವನ್ನು ಕ್ಯಾಟಲಾಗಿನ ಕೊನೆಯಲ್ಲಿ ಅನುಬಂಧವಾಗಿ ಕಾಗದದ ಮೇಲೆಯೂ ಮುದ್ರಿಸಿಡುವುದು ಒಳ್ಳೆಯದು. ಐದುನೂರು ಸ್ಥಳಗಳಿಗೆ ಹದಿನೈದು ಇಪ್ಪತ್ತು ಪುಟಗಳಿಗಿಂತ ಹೆಚ್ಚು ಬೇಕಾಗುವುದಿಲ್ಲ.